ಯೆಹೂದಿ ಧರ್ಮದಲ್ಲಿ ಹುಟ್ಟಿನಿಂದ ಬರುವ ಸ್ಥಾನಗಳು

ಯೆಹೂದಿ ಸಂಪ್ರದಾಯ ತನ್ನ ಜನರನ್ನು ವಂಶದ ಮೇಲೆ ಮೂರಾಗಿ ಗುರುತಿಸುತ್ತದೆ. ಮೋಶೆಯ ಅಣ್ಣ ಆರೋನನ ಗಂಡು ಸಂತತಿಯವರು ಕೊಹೆನರು, ಲೇವಿ ಕುಲದ ಉಳಿದವರು ಲೇವಿಯರು, ಮಿಕ್ಕವರೆಲ್ಲ ಇಸ್ರೇಲರು. ಜೆರುಸಲೇಮಿನ ದೇವಾಲಯದಲ್ಲಿ ಬಲಿ ಅರ್ಪಿಸುವುದು ಕೊಹೆನರ ಹೊಣೆಯಾಗಿತ್ತು. ಹಾಡುವುದು, ಬಾಗಿಲು ಕಾಯುವುದು ಲೇವಿಯರದು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದರು. ಬಲಿಪೀಠ ಹೋಯಿತು, ವಂಶದ ಎಣಿಕೆ ಹೋಗಲಿಲ್ಲ.

ಸಾಂಪ್ರದಾಯಿಕ ನಿಯಮದಂತೆ ಯೆಹೂದಿತನ ತಾಯಿಯಿಂದ ಬರುತ್ತದೆ, ಕೊಹೆನ್ ಪಟ್ಟ ತಂದೆಯಿಂದ.

ಇಂದಿಗೂ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಧರ್ಮಗ್ರಂಥ ತೋರಾ ಓದುವಾಗ ಮೊದಲ ಕರೆ ಕೊಹೆನನಿಗೆ, ಎರಡನೆಯದು ಲೇವಿಗೆ. ಆಶೀರ್ವಾದದ ವಿಧಿಗೆ ಮುಂಚೆ ಲೇವಿಯರು ನೀರೆರೆದು ಕೊಹೆನರ ಕೈ ತೊಳೆಸುತ್ತಾರೆ. ಕೊಹೆನರು ಪಾದರಕ್ಷೆ ಕಳಚಿ, ಪ್ರಾರ್ಥನೆಯ ಶಾಲನ್ನು ತಲೆಯ ಮೇಲೆಳೆದುಕೊಂಡು, ಬೆರಳುಗಳ ನಡುವೆ ಸಂದು ಬಿಟ್ಟು ಕೈ ಚಾಚಿ ತೋರಾದ ಅರಣ್ಯಕಾಂಡದ ಆಶೀರ್ವಚನ ನುಡಿಯುತ್ತಾರೆ. ಜೆರುಸಲೇಮಿನಲ್ಲಿ ಇದು ನಿತ್ಯದ ವಿಧಿ. ಇಸ್ರೇಲಿನ ಹೊರಗಿರುವ, ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಷ್ಕೆನಾಜಿಗಳಲ್ಲಿ ಹಬ್ಬಗಳಿಗೆ ಮಾತ್ರ. ಗೋರಿಕಲ್ಲುಗಳ ಮೇಲೆ ಕೊಹೆನನಿಗೆ ಇದೇ ಚಾಚಿದ ಕೈಗಳನ್ನೂ ಲೇವಿಗೆ ನೀರಿನ ಹೂಜಿಯನ್ನೂ ಕೆತ್ತುವುದುಂಟು. ತಾಯಿಯ ಚೊಚ್ಚಲು ಗಂಡಾದರೆ 31ನೇ ದಿನ ತಂದೆ 5 ಬೆಳ್ಳಿ ನಾಣ್ಯ ಕೊಟ್ಟು ಕೊಹೆನನಿಂದ ಮಗುವನ್ನು ಬಿಡಿಸಿಕೊಳ್ಳುತ್ತಾನೆ. ಕೊಹೆನ್, ಲೇವಿ ಮನೆತನಗಳಿಗೆ ಈ ವಿಧಿ ಇಲ್ಲ.

ಈ ಗೌರವಕ್ಕಿಂತ ಅದರ ಜೊತೆ ಬಂದ ನಿರ್ಬಂಧಗಳೇ ಇಂದು ಬದುಕನ್ನು ಹೆಚ್ಚು ತಟ್ಟುತ್ತವೆ. ತೀರ ಹತ್ತಿರದ ಬಂಧುಗಳದ್ದಲ್ಲದೆ ಬೇರೆ ಶವದ ಬಳಿ ಕೊಹೆನ್ ಹೋಗುವಂತಿಲ್ಲ. ವಿಚ್ಛೇದಿತೆಯನ್ನಾಗಲಿ ಮತಾಂತರಗೊಂಡು ಬಂದವಳನ್ನಾಗಲಿ ಮದುವೆಯಾಗುವಂತಿಲ್ಲ. ಇಸ್ರೇಲಿನಲ್ಲಿ ಯೆಹೂದಿಗಳ ಮದುವೆಯನ್ನು 1953ರ ಕಾನೂನು ಧರ್ಮಗುರುಗಳಾದ ರಬ್ಬಿಗಳ ಅಧಿಕಾರಕ್ಕೆ ಒಪ್ಪಿಸಿರುವುದರಿಂದ ಈ ಹಳೆಯ ನಿಷೇಧ ಅಲ್ಲಿ ಸರ್ಕಾರಿ ಬಲ ಪಡೆದಿದೆ. ಇಂಥ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬಂದು ನೋಂದಾಯಿಸಿಕೊಳ್ಳುತ್ತಾರೆ.

ಇದಕ್ಕಿಂತ ಕಠಿಣವಾದದ್ದು ಮಮ್ಜೆರ್ ಎಂಬ ಪಟ್ಟ. ವಿವಾಹಿತೆಗೆ ಪರಪುರುಷನಿಂದ ಅಥವಾ ನಿಷಿದ್ಧ ರಕ್ತಸಂಬಂಧದಿಂದ ಹುಟ್ಟಿದ ಮಗುವಿಗೆ, ಅದರ ಸಂತತಿಗೂ, ಉಳಿದ ಯೆಹೂದಿಗಳೊಡನೆ ಮದುವೆ ನಿಷಿದ್ಧ. ತಂದೆತಾಯಿಯ ತಪ್ಪಿಗೆ ಮಗು ಬೆಲೆ ತೆರುವ ಈ ನಿಯಮವನ್ನು ನ್ಯಾಯವೆನ್ನುವುದು ಕಷ್ಟ. ಆದರೆ ಸುಮಾರು ಕ್ರಿ.ಶ. 200ರ ಮಿಶ್ನಾ ಎಂಬ ಧರ್ಮಶಾಸ್ತ್ರ ಗ್ರಂಥವೇ ಇದಕ್ಕೆದುರಾಗಿ ಇನ್ನೊಂದು ಅಳತೆಗೋಲು ಇಟ್ಟಿದೆ: ವಿದ್ವಾಂಸನಾದ ಮಮ್ಜೆರ್ ಅವಿದ್ಯಾವಂತ ಮಹಾಯಾಜಕನಿಗಿಂತ ಮೇಲು. ದೇವಾಲಯ ಬಿದ್ದ ಮೇಲೆ ಸಮುದಾಯವನ್ನು ನಡೆಸಿದವರೂ ರಬ್ಬಿಗಳು, ಎಂದರೆ ಹುಟ್ಟಿಗಿಂತ ಓದಿನಿಂದ ಸ್ಥಾನ ಗಳಿಸಿದವರು. ಸುಧಾರಣಾವಾದಿ ಪಂಥವಂತೂ ವಂಶದ ಈ ಭೇದಗಳನ್ನು ಬಹುಮಟ್ಟಿಗೆ ಕೈಬಿಟ್ಟಿದೆ.

ಧರ್ಮಗ್ರಂಥದ ಆಧಾರವಿಲ್ಲದ ಭೇದಗಳೂ ಬೆಳೆದವು. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಶಿ ಸಿನಗಾಗಿನಲ್ಲಿ, ಬಿಡುಗಡೆಯಾದ ಗುಲಾಮರ ಸಂತತಿ ಎನಿಸಿಕೊಂಡ ಕುಟುಂಬಗಳವರಿಗೆ ಉಳಿದವರ ಜೊತೆ ಒಳಗೆ ಕೂರುವ ಹಕ್ಕಿರಲಿಲ್ಲ. ಅಂಥ ಮನೆತನದಲ್ಲಿ ಹುಟ್ಟಿ ವಕೀಲರಾದ ಎ.ಬಿ. ಸೇಲಂ (1882–1967) ಗಾಂಧೀಜಿಯ ಸತ್ಯಾಗ್ರಹದ ದಾರಿ ಹಿಡಿದು ಅದೇ ಸಿನಗಾಗಿನಲ್ಲಿ ಪ್ರತಿಭಟಿಸಿದರು. ತಡೆಗಳು ಒಂದೊಂದಾಗಿ ಸಡಿಲಗೊಂಡವು.