ಎರಡಡಿ ಹಳಿಯ ನಮ್ಮ ಟ್ರಾಂ

ನರಸಿಂಹರಾಜಪುರಕ್ಕೂ ರೈಲಿತ್ತು ಅಂದ್ರೆ ಈಗಿನ ಸೊಸೆಯಂದ್ರು ನಗ್ತಾರೆ. ಇತ್ತು ಕಣ್ರೇ! 1915ರಲ್ಲಿ ಎಡೇಹಳ್ಳಿಗೆ ಯುವರಾಜರ ಹೆಸರು ಬಂತಲ್ಲ, ಹೆಚ್ಚುಕಮ್ಮಿ ಅದೇ ಕಾಲಕ್ಕೆ ತರೀಕೆರೆಯಿಂದ ಇಲ್ಲಿಗೆ ಹಳಿ ಹಾಕಿದ್ರು. ಜನ ಟ್ರಾಂ ಅಂತಿದ್ರು. ಇಳಿದು ಒಂದಷ್ಟು ದೂರ ನಡೆದ್ರೂ ಮತ್ತೆ ಹತ್ತಬಹುದಿತ್ತು ಅಂತ ನಮ್ಮಜ್ಜಿ ತಮಾಷೆ ಮಾಡೋರು.

ನಿಧಾನ ಅಂತ ಇಂಜಿನ್ನನ್ನ ಬೈದು ಪ್ರಯೋಜನ ಇಲ್ಲ. ಹಳಿಯ ಅಗಲವೇ ಎರಡಡಿ. ಕಾಡುಗುಡ್ಡದಲ್ಲಿ ಮಣ್ಣು ಕಡಿಯೋದು ಕಮ್ಮಿ, ಬಿಗಿ ತಿರುವಲ್ಲೂ ಹೋಗ್ತದೆ, ಖರ್ಚೂ ಉಳೀತದೆ. ಆದ್ರೆ ಅಷ್ಟು ಇಕ್ಕಟ್ಟಿನ ಹಳಿ ಮೇಲೆ ದೊಡ್ಡ ಬಾಯ್ಲರ್ ಕೂರೋದಿಲ್ಲ. ಬಚ್ಚಲ ಒಲೆ ನೆನೆಸ್ಕೊಳ್ಳಿ: ಸಣ್ಣ ಒಲೆ, ಸಣ್ಣ ಹಂಡೆ, ಮನೆ ತುಂಬ ನೆಂಟರು! ಉಗಿ ಸಾಲಬೇಕಲ್ಲ. ಗಾಲಿನೂ ಚಿಕ್ಕದು, ಏರು ಎಳೆಯೋಕೆ ಒಳ್ಳೇದು, ಓಟಕ್ಕಲ್ಲ.

ನನಗನ್ಸೋದು, ದೊಡ್ಡ ಪೆಟ್ಟು ಬಿದ್ದಿದ್ದು ತರೀಕೆರೆಯಲ್ಲಿ. 1899ರಿಂದ ಅಲ್ಲಿದ್ದ ಬೀರೂರು–ಶಿವಮೊಗ್ಗ ಹಳಿ ಮೀಟರ್ ಗೇಜು. ನಮ್ಮ ಡಬ್ಬಿ ಅದರ ಮೇಲೆ ಹೋಗೋ ಹಾಗೇ ಇಲ್ಲ, ಸಾಮಾನೆಲ್ಲ ಇಳಿಸಿ ಇನ್ನೊಮ್ಮೆ ಹೇರಬೇಕು. ಕಟ್ಟುವಾಗ ಉಳಿಸಿದ ದುಡ್ಡು ದಿನಾ ಕೂಲಿಗೆ ಹೋಯ್ತು. ಆಮೇಲೆ ಲಾರಿ ಬಂತು, ಮನೆ ಬಾಗಿಲಲ್ಲೇ ಹೇರ್ಕೊಂಡು ಸೀದಾ ಹೋಗೋದು.

ಕೊಪ್ಪ, ಶೃಂಗೇರಿಗಂತೂ ಹಳಿ ಬರಲೇ ಇಲ್ಲ. ಲಕ್ಕವಳ್ಳಿ ಕಡೆ ಈಗ ಭದ್ರಾ ಹಿನ್ನೀರು.