ಹವ್ಯಾಸಿ ಅನಿಮೇಷನ್ ಮತ್ತು ಅಂತರ್ಜಾಲದ ಪ್ರೇಕ್ಷಕರು

ಸ್ಟುಡಿಯೋದ ಆಸರೆಯಿಲ್ಲದೆ, ಬಹುಮಟ್ಟಿಗೆ ಒಬ್ಬರೇ ಕೂತು ಮಾಡಿದ ಅನಿಮೇಷನ್ ಚಿತ್ರಗಳು ಅಂತರ್ಜಾಲದಲ್ಲಿ ನೋಡುಗರನ್ನು ಸಂಪಾದಿಸಿಕೊಂಡ ಇತಿಹಾಸ 1990ರ ದಶಕದ ಕೊನೆಯಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ಇಂಥವರಿಗಿದ್ದ ದಾರಿ ಚಿತ್ರೋತ್ಸವಗಳು, ಇಲ್ಲವೇ ಕೈಯಿಂದ ಕೈಗೆ ದಾಟುವ ವಿಡಿಯೋ ಕ್ಯಾಸೆಟ್. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ 1995ರಲ್ಲಿ ಮಾಡಿದ ಕ್ರಿಸ್‌ಮಸ್ ಕಿರುಚಿತ್ರ ನಕಲಿನ ಮೇಲೆ ನಕಲಾಗಿ ಹರಡಿತು; ಅದರಿಂದಲೇ 1997ರಲ್ಲಿ ‘ಸೌತ್ ಪಾರ್ಕ್’ ಟಿ.ವಿ. ಸರಣಿ ಹುಟ್ಟಿತು.

ದಾರಿ ತೆರೆದದ್ದು ಒಂದು ಸಾಫ್ಟ್‌ವೇರ್. 1996ರಲ್ಲಿ ಬಂದ ಫ್ಯೂಚರ್‌ಸ್ಪ್ಲಾಶ್ ಅನ್ನು ಮ್ಯಾಕ್ರೋಮೀಡಿಯಾ ಕಂಪನಿ ಕೊಂಡು ಫ್ಲ್ಯಾಶ್ ಎಂಬ ಹೆಸರಿಟ್ಟಿತು. ಫ್ಲ್ಯಾಶ್ ಕಡತದಲ್ಲಿ ಪ್ರತಿ ಫ್ರೇಮಿನ ಪೂರ್ತಿ ಚಿತ್ರ ಇರುತ್ತಿರಲಿಲ್ಲ. ಗೆರೆಗಳು ಗಣಿತದ ರೂಪದಲ್ಲಿರುತ್ತಿದ್ದವು. ಪಾತ್ರದ ಕೈ, ಕಣ್ಣು, ಬಾಯಿಯ ನಾಲ್ಕಾರು ಆಕಾರಗಳನ್ನು ಒಮ್ಮೆ ಬಿಡಿಸಿಟ್ಟುಕೊಂಡರೆ ಚಿತ್ರದುದ್ದಕ್ಕೂ ಅವನ್ನೇ ಮತ್ತೆ ಮತ್ತೆ ಬಳಸಬಹುದಿತ್ತು. ಹಾಗಾಗಿ ಕೆಲವು ನಿಮಿಷಗಳ ಚಿತ್ರ ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲೂ ಇಳಿದುಬರುತ್ತಿತ್ತು.

ನೋಡುಗರನ್ನು ಒಂದೆಡೆ ಸೇರಿಸಿದ ಶ್ರೇಯಸ್ಸಿನ ಬಹುಪಾಲು ನ್ಯೂಗ್ರೌಂಡ್ಸ್‌ಗೆ ಸಲ್ಲಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಟಾಮ್ ಫಲ್ಪ್ ಕಟ್ಟಿದ ಈ ತಾಣ 2000ದಲ್ಲಿ, ಯಾರು ಬೇಕಾದರೂ ತಮ್ಮ ಚಿತ್ರವನ್ನು ತಾವೇ ಏರಿಸಬಹುದಾದ ವ್ಯವಸ್ಥೆ ಮಾಡಿತು. ಹೊಸ ಚಿತ್ರ ಬಂದ ಕೂಡಲೇ ಸದಸ್ಯರು ಅದಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಿದ್ದರು. ಸಾಕಷ್ಟು ಮತ ಬೀಳುವ ಹೊತ್ತಿಗೆ ಸರಾಸರಿ ತೀರಾ ಕೆಳಗಿದ್ದರೆ ಚಿತ್ರವನ್ನು ತಾಣದಿಂದ ತೆಗೆದುಹಾಕಲಾಗುತ್ತಿತ್ತು; ದಾಟಿದರೆ ಉಳಿಯುತ್ತಿತ್ತು. ಕ್ರೂರ ಪರೀಕ್ಷೆಯೇ ಸರಿ. ಆದರೆ ಹೆಸರಿಲ್ಲದ ಹುಡುಗನೊಬ್ಬನ ಮೊದಲ ಕೆಲಸವನ್ನೂ ಅಪರಿಚಿತರು ಕೊನೆತನಕ ನೋಡಿ ಅಭಿಪ್ರಾಯ ಬರೆಯುತ್ತಿದ್ದರು ಎಂಬುದೇ ಅದರ ದೊಡ್ಡ ಗುಣ. ಮುಂದೆ ಬಂದ ಯಾವ ದೊಡ್ಡ ವೇದಿಕೆಯೂ ಹೊಸಬರಿಗೆ ಇಷ್ಟು ಖಚಿತವಾಗಿ ನೋಡುಗರನ್ನು ಒದಗಿಸಿಲ್ಲ. ಡೇವಿಡ್ ಫರ್ತ್ ಅವರ ‘ಸ್ಯಾಲಡ್ ಫಿಂಗರ್ಸ್’ (2004), ಏರಿನ್ ಹ್ಯಾನ್ಸನ್ ಅವರ ‘ಮೆಟಲ್ ಗಿಯರ್ ಆಸಮ್’ (2006) ಈ ಅಂಗಳದಲ್ಲಿ ಹೆಸರು ಮಾಡಿದ ಚಿತ್ರಗಳು. ಚೀನಾದ ಝು ಝಿಚಿಯಾಂಗ್ ಕಡ್ಡಿಗೊಂಬೆಗಳ ಕಾಳಗವನ್ನೇ ವಸ್ತುವಾಗಿಸಿ ಮಾಡಿದ ‘ಶಿಯಾವ್ ಶಿಯಾವ್’ ಸರಣಿಗೆ ಭಾಷೆಯ ಹಂಗೇ ಇರಲಿಲ್ಲ. ಅದು ದೇಶದೇಶಗಳಿಗೆ ಹಬ್ಬಿತು.

ಇದೇ ಹೊತ್ತಿನಲ್ಲಿ ಅಟ್ಲಾಂಟಾದ ಮೈಕ್ ಮತ್ತು ಮ್ಯಾಟ್ ಚಾಪ್‌ಮನ್ ಸಹೋದರರು ಇನ್ನೊಂದು ಬಗೆ ತೋರಿಸಿದರು. ಅವರ ‘ಹೋಮ್‌ಸ್ಟಾರ್ ರನ್ನರ್’ ತಾಣ ಶುರುವಾದದ್ದು 2000ದಲ್ಲಿ. ಮರುವರ್ಷದಿಂದ ಸ್ಟ್ರಾಂಗ್ ಬ್ಯಾಡ್ ಎಂಬ ಪಾತ್ರ, ನೋಡುಗರೇ ಕಳಿಸಿದ ಇ-ಮೇಲ್‌ಗಳನ್ನು ಓದಿ ಉತ್ತರ ಕೊಡತೊಡಗಿತು. ಚಿತ್ರ ಮುಗಿದ ಮೇಲೂ ತೆರೆಯ ಮೂಲೆಗಳಲ್ಲಿ ಕ್ಲಿಕ್ ಮಾಡಿದರೆ ಬಚ್ಚಿಟ್ಟ ತುಣುಕುಗಳು ತೆರೆದುಕೊಳ್ಳುತ್ತಿದ್ದವು. ಜಾಹೀರಾತು ಹಾಕದೆ, ಟಿ-ಶರ್ಟ್ ಮತ್ತಿತರ ವಸ್ತುಗಳ ಮಾರಾಟದಿಂದಲೇ ಅವರು ಇದನ್ನು ಪೂರ್ಣಾವಧಿ ಕಸುಬಾಗಿಸಿಕೊಂಡರು.

2005ರಲ್ಲಿ ಯೂಟ್ಯೂಬ್ ಬಂತು. ಫ್ಲ್ಯಾಶ್ ಚಿತ್ರಗಳು ವಿಡಿಯೋ ರೂಪ ತಾಳಿ ಅಲ್ಲಿಗೆ ಹೋದವು. ಬಚ್ಚಿಟ್ಟ ತುಣುಕುಗಳನ್ನು ಹುಡುಕುವ ಆಟ ಅಲ್ಲಿಗೆ ನಿಂತಿತು, ನೋಡುಗರ ಸಂಖ್ಯೆ ಮಾತ್ರ ಅನೇಕ ಪಟ್ಟು ಏರಿತು. 2007ರ ಕೊನೆಯಲ್ಲಿ ಜಾಹೀರಾತು ಆದಾಯದ ಪಾಲು ಕೊಡುವ ಯೋಜನೆ ಸಾಮಾನ್ಯ ಬಳಕೆದಾರರಿಗೂ ತೆರೆಯಿತು. ಜಪಾನಿನಲ್ಲಿ ನಿಕೊನಿಕೊ ತಾಣ (2006) ನೋಡುಗರ ಮಾತುಗಳನ್ನು ಚಿತ್ರದ ಮೇಲೆಯೇ ಹರಿಸಿತು. 2008ರಲ್ಲಿ ಉಚಿತವಾಗಿ ಬಂದ ‘ಮಿಕುಮಿಕುಡಾನ್ಸ್’ ತಂತ್ರಾಂಶ ಅಲ್ಲಿನ ಹವ್ಯಾಸಿಗಳಿಗೆ ಮೂರು ಆಯಾಮದ ಪಾತ್ರಗಳನ್ನು ಕುಣಿಸುವ ಅನುಕೂಲ ಮಾಡಿಕೊಟ್ಟಿತು.

ಪೆಟ್ಟು ಬಿದ್ದದ್ದು 2012ರಲ್ಲಿ. ಎಷ್ಟು ಜನ ನೋಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಯೂಟ್ಯೂಬ್ ಹೆಚ್ಚು ತೂಕ ಕೊಟ್ಟಿತು. ಒಂದು ನಿಮಿಷದ ಚಿತ್ರಕ್ಕೆ ವಾರಗಟ್ಟಲೆ ಬೆವರು ಸುರಿಸುವವರಿಗೆ ಇದಕ್ಕಿಂತ ಅನ್ಯಾಯದ ಅಳತೆಗೋಲು ಇರಲಾರದು. ಅದೇ ವರ್ಷ ಹ್ಯಾನ್ಸನ್ ‘ಗೇಮ್ ಗ್ರಂಪ್ಸ್’ ಎಂಬ, ವಿಡಿಯೋಗೇಮ್ ಆಡುತ್ತ ಹರಟುವ ಕಾರ್ಯಕ್ರಮ ಆರಂಭಿಸಿದರು. ಅಂಥದ್ದನ್ನು ದಿನವೂ ಮಾಡಬಹುದಿತ್ತು. ಉಳಿದ ಕೆಲವರು ಸರಳ ಗೆರೆಯ ಪಾತ್ರಗಳನ್ನಿಟ್ಟು ತಮ್ಮ ಬದುಕಿನ ಪ್ರಸಂಗಗಳನ್ನು ಹೇಳುವ ಶೈಲಿಗೆ ಹೊರಳಿದರು. ಚಲನೆ ಕಡಿಮೆ, ಮಾತು ಹೆಚ್ಚು. ಕಲೆಯ ದೃಷ್ಟಿಯಿಂದ ಇದು ನಷ್ಟವೇ ಆದರೂ, ಆ ಶೈಲಿಗೆ ಅಪಾರ ನೋಡುಗರು ಸಿಕ್ಕರು.

2013ರಲ್ಲಿ ಶುರುವಾದ ಪೇಟ್ರಿಯಾನ್ ಅಭಿಮಾನಿಗಳಿಂದ ನೇರವಾಗಿ ಹಣ ಪಡೆಯುವ ಬಾಗಿಲು ತೆರೆಯಿತು. ನೋಡುವ ಸಮಯದ ಲೆಕ್ಕಕ್ಕೆ ಬಗ್ಗದೆ, ನಿಧಾನವಾಗಿ ಒಳ್ಳೆಯ ಕೆಲಸ ಮಾಡಲು ಇದರಿಂದ ಸಾಧ್ಯವಾಯಿತು. ವಿವಿಯನ್ ಮೆಡ್ರಾನೊ ಅವರ ‘ಹ್ಯಾಜ್‌ಬಿನ್ ಹೋಟೆಲ್’ ಮೊದಲ ಕಂತು ಹೀಗೆ ಕೂಡಿಬಂದ ಹಣದಿಂದ ತಯಾರಾಗಿ 2019ರಲ್ಲಿ ಯೂಟ್ಯೂಬ್ ಸೇರಿತು. 2024ರಲ್ಲಿ ಪ್ರೈಮ್ ವಿಡಿಯೋದಲ್ಲಿ ಪೂರ್ಣ ಸರಣಿಯಾಗಿ ಬಂತು.

ಮ್ಯಾಕ್ರೋಮೀಡಿಯಾವನ್ನು ಕೊಂಡಿದ್ದ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. ಹಳೆಯ ಕಡತಗಳನ್ನು ಬ್ರೌಸರಿನಲ್ಲಿ ಮತ್ತೆ ಓಡಿಸುವ ‘ರಫಲ್’ ಎಂಬ ಮುಕ್ತ ತಂತ್ರಾಂಶವನ್ನು ನ್ಯೂಗ್ರೌಂಡ್ಸ್ ಬಳಸುತ್ತಿದ್ದು, ಆರಂಭಕಾಲದ ಅನೇಕ ಚಿತ್ರಗಳನ್ನು ಇಂದಿಗೂ ಅಲ್ಲಿ ನೋಡಬಹುದು.