ದಾಖಲೆಯ ಸಂಪತ್ತು ಮತ್ತು ನೆನಪಿನ ಸಂಪತ್ತು: ವಿಯೆನ್ನಾದ ಎಫ್ರುಸಿ ಮನೆತನ

ಸಿರಿವಂತ ಮನೆತನದ ಚರಿತ್ರೆಯನ್ನು ಸಾಮಾನ್ಯವಾಗಿ ಪತ್ರ, ಲೆಕ್ಕದ ಪುಸ್ತಕ, ವಂಶವೃಕ್ಷಗಳ ಆಧಾರದಿಂದ ಕಟ್ಟಲಾಗುತ್ತದೆ. ವಿಯೆನ್ನಾದ ಎಫ್ರುಸಿ ಮನೆತನದ ವಿಷಯದಲ್ಲಿ ಈ ಕ್ರಮ ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ.

ಕಪ್ಪು ಸಮುದ್ರದ ತೀರದ ಒಡೆಸ್ಸಾದಲ್ಲಿ ಧಾನ್ಯ ವ್ಯಾಪಾರದಿಂದ ಮೇಲೆ ಬಂದ ಈ ಯಹೂದಿ ಮನೆತನ 19ನೆಯ ಶತಮಾನದ ಉತ್ತರಾರ್ಧದಲ್ಲಿ ವಿಯೆನ್ನಾ, ಪ್ಯಾರಿಸ್ ನಗರಗಳಲ್ಲಿ ಬ್ಯಾಂಕ್ ವ್ಯವಹಾರ ಸ್ಥಾಪಿಸಿತು. ವಿಯೆನ್ನಾದ ರಿಂಗ್‌ಸ್ಟ್ರಾಸೆಯಲ್ಲಿ ಅದರ ಅರಮನೆಯನ್ನು ರೂಪಿಸಿದವರು ವಾಸ್ತುಶಿಲ್ಪಿ ಥಿಯೋಫಿಲ್ ಹ್ಯಾನ್ಸೆನ್. 1899ರಲ್ಲಿ ವಿಕ್ಟರ್ ಮತ್ತು ಎಮಿ ಅವರ ವಿವಾಹಕ್ಕೆ ಪ್ಯಾರಿಸ್ಸಿನ ಬಂಧು ಚಾರ್ಲ್ಸ್ 264 ನೆತ್ಸುಕೆಗಳನ್ನು ಉಡುಗೊರೆಯಾಗಿ ಕಳುಹಿಸಿದರು. ಜಪಾನಿನಲ್ಲಿ ನಡುಪಟ್ಟಿಗೆ ಸಂಚಿಯನ್ನು ತೂಗುಹಾಕಲು ಬಳಸುತ್ತಿದ್ದ, ದಂತ ಮತ್ತು ಮರದ ಪುಟ್ಟ ಕೆತ್ತನೆಗಳವು. ಎಮಿಯವರ ಉಡುಪಿನ ಕೋಣೆಯಲ್ಲಿದ್ದ ಅವನ್ನು ಹಿಡಿದು ಮಕ್ಕಳು ಆಡುತ್ತಿದ್ದರು. ತಾಯಿ ಕಥೆ ಹೇಳುತ್ತಿದ್ದರು. ಎಮಿಯವರಿಗೆ ಉಡುಪು ತೊಡಿಸುತ್ತಿದ್ದವರು ಅನ್ನಾ ಎಂಬ ಸೇವಕಿ.

ಅಪಾಯದ ಸೂಚನೆಗಳಿದ್ದರೂ ಈ ಕುಟುಂಬ ಏಕೆ ಹೊರಡಲಿಲ್ಲ ಎಂಬ ಪ್ರಶ್ನೆ ಸಹಜ. ಅದನ್ನು ಕುರುಡುತನವೆನ್ನುವುದು ಅನ್ಯಾಯವಾದೀತು. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯದ ಯುದ್ಧಸಾಲಪತ್ರಗಳಲ್ಲಿ ಹಣ ತೊಡಗಿಸಿ ನಷ್ಟ ಅನುಭವಿಸಿದ್ದ ವಿಕ್ಟರ್ ಅವರಿಗೆ ವಿಯೆನ್ನಾ ಬಿಡಾರವಾಗಿರಲಿಲ್ಲ, ಮನೆಯಾಗಿತ್ತು. ಬ್ಯಾಂಕು, ಕಟ್ಟಡ, ಗ್ರಂಥಭಂಡಾರಗಳನ್ನು ಹೊತ್ತುಕೊಂಡು ಗಡಿ ದಾಟಲು ಸಾಧ್ಯವೂ ಇರಲಿಲ್ಲ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯವನ್ನು ಹೊಕ್ಕಿತು. ಅನಂತರದ ವಾರಗಳಲ್ಲಿ ಗೆಸ್ಟಾಪೊ ವಿಕ್ಟರ್ ಮತ್ತು ಮಗ ರುಡಾಲ್ಫ್ ಅವರನ್ನು ಬಂಧಿಸಿತು. ಆಸ್ತಿಯನ್ನು ಬಿಟ್ಟುಕೊಡುವ ಪತ್ರಕ್ಕೆ ವಿಕ್ಟರ್ ಸಹಿ ಮಾಡಬೇಕಾಯಿತು. ಏಪ್ರಿಲ್ 26ರ ಆಜ್ಞೆಯು 5,000 ರೈಖ್ಸ್‌ಮಾರ್ಕ್ ಮೀರಿದ ಆಸ್ತಿಯುಳ್ಳ ಪ್ರತಿಯೊಬ್ಬ ಯಹೂದಿಯೂ ಅದನ್ನು ನೋಂದಾಯಿಸಬೇಕೆಂದು ವಿಧಿಸಿತು. ಸುಲಿಗೆಯು ಕಚೇರಿಯ ಶಿಸ್ತಿನಿಂದಲೇ ನಡೆಯಿತೆಂಬುದು ಗಮನಾರ್ಹ. ಕಾನೂನಿನಲ್ಲಿ ಡಾಕ್ಟರೇಟ್ ಪಡೆದಿದ್ದ ಹಿರಿಯ ಮಗಳು ಎಲಿಜಬೆತ್ ವಿಯೆನ್ನಾಕ್ಕೆ ಮರಳಿ ಬಂದು ತಂದೆತಾಯಿಗಳ ಬಿಡುಗಡೆಗೆ ಹೋರಾಡಿದರು. ಅವರಿಬ್ಬರೂ ಚೆಕೊಸ್ಲೊವಾಕಿಯದಲ್ಲಿದ್ದ ಹಳ್ಳಿಮನೆಯನ್ನು ಸೇರಿದರು. ಎಮಿ ಅದೇ ಅಕ್ಟೋಬರಿನಲ್ಲಿ ಅಲ್ಲಿಯೇ ತೀರಿಕೊಂಡರು. 1939ರಲ್ಲಿ ಇಂಗ್ಲೆಂಡ್ ತಲುಪಿದ ವಿಕ್ಟರ್ 1945ರಲ್ಲಿ ನಿಧನರಾದರು.

ಮುಂದಿನದು ಕುಟುಂಬದ ಬಾಯಿಂದ ಬಾಯಿಗೆ ಬಂದ ಕಥನ. ಹೊಸ ಒಡೆಯರು ಅನ್ನಾ ಅವರನ್ನು ಮನೆಯಲ್ಲಿಯೇ ದುಡಿಸಿಕೊಂಡರು. ವಸ್ತುಗಳನ್ನು ಕಟ್ಟಿ ಸಾಗಿಸುತ್ತಿದ್ದಾಗ ಆಕೆ ಪ್ರತಿದಿನ ಮೂರೋ ನಾಲ್ಕೋ ನೆತ್ಸುಕೆಗಳನ್ನು ಏಪ್ರನ್ನಿನ ಜೇಬಿಗೆ ಇಳಿಸಿ, ತಮ್ಮ ಹಾಸಿಗೆಯೊಳಗೆ ಬಚ್ಚಿಟ್ಟರು. ಲಿಖಿತ ಆಧಾರವಿಲ್ಲವೆಂದು ಇದನ್ನು ಬದಿಗಿಡುವುದು ಸುಲಭ. ಆದರೆ ಅಂಥ ಕೆಲಸವನ್ನು ಬರೆದಿಡುವಂತಿತ್ತೇ? 1938ರ ಆಗಸ್ಟ್ 17ರ ಆಜ್ಞೆಯು ಯಹೂದಿ ಗಂಡಸರ ಹೆಸರಿಗೆ ಇಸ್ರೇಲ್, ಹೆಂಗಸರ ಹೆಸರಿಗೆ ಸಾರಾ ಎಂದು ಸೇರಿಸಿತು. ಅನ್ನಾ ಅವರ ಕುಲನಾಮವಾದರೋ ಕುಟುಂಬದ ಕಥನದಲ್ಲಿಯೂ ಉಳಿದಿಲ್ಲ.

1945ರ ಡಿಸೆಂಬರಿನಲ್ಲಿ ಎಲಿಜಬೆತ್ ವಿಯೆನ್ನಾಕ್ಕೆ ಬಂದಾಗ ಅನ್ನಾ 264 ಕೆತ್ತನೆಗಳನ್ನೂ ಅವರ ಕೈಗಿತ್ತರು. ಎರಡು ವರ್ಷಗಳ ಬಳಿಕ ಸೋದರ ಇಗ್ನಾಸ್ ಅವರೊಂದಿಗೆ ಅವು ಟೋಕಿಯೋ ಸೇರಿದವು.